ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ ಮತ್ತು ಪಯಣದ ಹೊತ್ತು

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವೆ ಭೂಮಿಯ ಮೇಲ್ಮೈಯಲ್ಲಿ ಅಳೆದರೆ ಬರುವ ಅತಿ ಕಡಿಮೆ ದೂರ ಸುಮಾರು 13,990 ಕಿ.ಮೀ. ನಡುವೆ ಎಲ್ಲೂ ಇಳಿಯದೆ ಹಾರುವ ವಿಮಾನಕ್ಕೆ ಇದು ಹದಿನಾರರಿಂದ ಹದಿನೇಳೂವರೆ ಗಂಟೆಯ ದಾರಿ. ದುಬೈ, ಲಂಡನ್, ಫ್ರಾಂಕ್‌ಫರ್ಟ್ ಅಥವಾ ಸಿಂಗಪುರದಲ್ಲಿ ಇಳಿದು ವಿಮಾನ ಬದಲಿಸಿದರೆ ಇಪ್ಪತ್ತೊಂದು ಗಂಟೆಯಿಂದ ಹಿಡಿದು ಒಂದೂವರೆ ದಿನದವರೆಗೂ ಆಗುತ್ತದೆ. ಎರಡೂ ಊರುಗಳ ಗಡಿಯಾರದ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ.

ದೂರದ ಊರುಗಳ ಜೋಡಿ ಲೋಕದಲ್ಲಿ ಎಷ್ಟೋ ಇವೆ. ಕನ್ನಡದ ಓದುಗರಿಗೆ ಈ ಜೋಡಿಯ ಮಹತ್ವವೇ ಬೇರೆ. ಕೃಷ್ಣರಾಜನಗರದ ಕಡೆಯ ಮಿರ್ಲೆಯಂಥ ಊರಿನಿಂದಲೋ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಿಂದಲೋ ಓದಿ, ಬೆಂಗಳೂರು ಸೇರಿ, ಅಲ್ಲಿಂದ ಕ್ಯಾಲಿಫೋರ್ನಿಯಾಗೆ ಹೋದ ಮಕ್ಕಳನ್ನು ನೋಡಲು ಹೊರಡುವ ಅಪ್ಪ ಅಮ್ಮಂದಿರ ದಾರಿ ಇದು. ‘ಎಷ್ಟು ದೂರ?’ ಎಂದು ನೆರೆಮನೆಯವರು ಕೇಳಿದರೆ ಅವರು ಕಿಲೋಮೀಟರ್ ಹೇಳುವುದಿಲ್ಲ, ಗಂಟೆ ಹೇಳುತ್ತಾರೆ. ಅದು ಸರಿಯಾದ ಉತ್ತರವೇ. ದೂರ ಎಂಬ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಅಳತೆಗಳಿವೆ: ಭೂಮಿಯ ಮೇಲಿನ ಕನಿಷ್ಠ ಅಂತರ, ವಿಮಾನ ಆ ದಿನ ನಿಜಕ್ಕೂ ಹಾರಿದ ದಾರಿ, ಪ್ರಯಾಣಿಕರು ಕಳೆದ ಹೊತ್ತು. ಒಂದು ಹೆಚ್ಚಿದಾಗ ಇನ್ನೊಂದು ಕಡಿಮೆಯಾದ ಉದಾಹರಣೆಗಳೂ ಇವೆ.

ಗೋಳದ ಮೇಲೊಂದು ದಾರ

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಪ್ರಪಂಚದ ನಕ್ಷೆಯಲ್ಲಿ ಭಾರತ ಬಲಗಡೆ, ಅಮೆರಿಕ ಎಡಗಡೆ. ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಅರೇಬಿಯಾ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ದಕ್ಷಿಣ ರಾಜ್ಯಗಳ ಮೇಲೆ ಸಾಗಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತದೆ. ಮರ್ಕೇಟರ್ ಮಾದರಿಯ ನಕ್ಷೆಯಲ್ಲಿ ಹೀಗೆ ಎಳೆದ ನೇರ ಗೆರೆಯನ್ನು ಭೂಮಿಯ ಮೇಲೆ ಅಳೆದರೆ ಸುಮಾರು 20,000 ಕಿ.ಮೀ. ಆಗುತ್ತದೆ. ನಕ್ಷೆಯ ಬಲ ಅಂಚಿನಿಂದ ಆಚೆ ಹೋಗಿ, ಬಂಗಾಳ ಕೊಲ್ಲಿ, ಮ್ಯಾನ್ಮಾರ್, ವಿಯೆಟ್ನಾಂ ದಾಟಿ ಪೆಸಿಫಿಕ್ ಸಾಗರದ ಮೇಲೆ ಗೆರೆ ಎಳೆದರೂ 16,100 ಕಿ.ಮೀ. ಆಸುಪಾಸು. ಎರಡೂ ನಿಜವಾದ ಕನಿಷ್ಠ ದೂರಕ್ಕಿಂತ ಬಹಳ ಹೆಚ್ಚು. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಉತ್ತರದ ನಾಡುಗಳು ಹಿಗ್ಗುತ್ತವೆ. ಕಾಗದದ ಮೇಲೆ ಸುತ್ತಾಗಿ ಕಾಣುವುದೇ ಭೂಮಿಯ ಮೇಲೆ ನೇರವಾಗಿರುತ್ತದೆ.

ಇದನ್ನು ಕಣ್ಣಾರೆ ಕಾಣಲು ಒಂದು ಗೋಳ, ಒಂದು ಗೇಣು ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಎಳೆಯಬೇಕು. ಸಡಿಲವಾಗಿದ್ದ ದಾರ ಬಿಗಿಯಾಗುತ್ತಾ ತಾನಾಗಿಯೇ ಜಾರಿ ಜಾರಿ ಮೇಲಕ್ಕೆ, ಉತ್ತರಕ್ಕೆ ಏರುತ್ತದೆ. ಇನ್ನು ಬಿಗಿಯಾಗದು ಎನ್ನುವ ಹಂತದಲ್ಲಿ ಅದು ನಿಂತ ಜಾಗವೇ ಕನಿಷ್ಠ ದೂರದ ದಾರಿ. ಗಣಿತದಲ್ಲಿ ಇದಕ್ಕೆ ಮಹಾವೃತ್ತ ಎನ್ನುತ್ತಾರೆ: ಗೋಳದ ಮೇಲೆ ಎಳೆಯಬಹುದಾದ ಅತಿ ದೊಡ್ಡ ವೃತ್ತದ ಒಂದು ತುಂಡು. ಸಮಭಾಜಕ ವೃತ್ತವೂ ಒಂದು ಮಹಾವೃತ್ತವೇ.

ಆ ದಾರದ ಕೆಳಗೆ ಯಾವ ಯಾವ ನಾಡು ಬರುತ್ತದೆ ಎಂದು ನೋಡುವುದು ಸೊಗಸಾದ ಕೆಲಸ. ಬೆಂಗಳೂರಿನಿಂದ ಹೊರಟ ಗೆರೆ ಉತ್ತರದಿಂದ ಪೂರ್ವಕ್ಕೆ ಸುಮಾರು 20 ಡಿಗ್ರಿ ವಾಲಿಕೊಂಡು ತೆಲಂಗಾಣ, ಛತ್ತೀಸಗಢದ ಅಂಚು ಹಾದು ಕಾಶಿಯ ಪಡುವಣ ಮಗ್ಗುಲಿಗೆ ಬರುತ್ತದೆ. ನಮ್ಮ ಹಿರಿಯರು ಕಾಶಿಯಾತ್ರೆಗೆ ಹಿಡಿದ ದಿಕ್ಕನ್ನೇ ಅಮೆರಿಕದ ದಾರಿಯೂ ಮೊದಲ ಎರಡು ಗಂಟೆ ಹಿಡಿಯುತ್ತದೆ ಎಂಬುದು ಗೋಳ ನೋಡದವರಿಗೆ ಹೊಳೆಯುವ ಮಾತಲ್ಲ. ಅಲ್ಲಿಂದ ಮುಂದೆ ಬುದ್ಧ ಹುಟ್ಟಿದ ಲುಂಬಿನಿಯ ಆಸುಪಾಸು, ಹಿಮಾಲಯ, ಟಿಬೆಟ್. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ಟಿಬೆಟನ್ನರು ಬಿಟ್ಟು ಬಂದ ನೆಲದ ಮೇಲೆಯೇ ಈ ಗೆರೆ ಹಾಯುತ್ತದೆ. ಬಳಿಕ ಚೀನಾದ ಶಿನ್‌ಜಿಯಾಂಗ್, ಮಂಗೋಲಿಯಾದ ಪಡುವಣ ಭಾಗ, ಸೈಬೀರಿಯಾ. ರಷ್ಯಾದ ಕೊಲಿಮಾ ನದಿ ಸಮುದ್ರ ಸೇರುವಲ್ಲಿಗೆ ತುಸು ಆಚೆ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಗೆರೆ ತನ್ನ ತುತ್ತತುದಿ ಮುಟ್ಟಿ ಕೆಳಗೆ ಬಾಗುತ್ತದೆ. ಬೇರಿಂಗ್ ಜಲಸಂಧಿಯ ಉತ್ತರದ ಕಡಲು, ಅಲಾಸ್ಕಾ, ಮತ್ತೆ ಪೆಸಿಫಿಕ್ ತೀರ, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ.

ನೇರ ಉತ್ತರಕ್ಕೆ ಹೋಗಿ ಧ್ರುವದ ನೆತ್ತಿಯ ಮೇಲೆಯೇ ದಾಟಿದರೆ? ಬೆಂಗಳೂರು 13 ಡಿಗ್ರಿ 12 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 37 ಡಿಗ್ರಿ 37 ನಿಮಿಷದಲ್ಲಿ. ಇಲ್ಲಿಂದ ಧ್ರುವಕ್ಕೆ ಏರಲು 76.8 ಡಿಗ್ರಿ, ಅಲ್ಲಿಂದ ಇಳಿಯಲು 52.4 ಡಿಗ್ರಿ, ಒಟ್ಟು 129.2 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111 ಕಿ.ಮೀ. ಚಿಲ್ಲರೆ. ಹಾಗಾಗಿ ಧ್ರುವದ ದಾರಿ 14,360 ಕಿ.ಮೀ. ಆಗುತ್ತದೆ, ಕನಿಷ್ಠ ದೂರಕ್ಕಿಂತ 370 ಕಿ.ಮೀ. ಮಾತ್ರ ಹೆಚ್ಚು. ವಿಮಾನಕ್ಕೆ ಇದು ಅರ್ಧ ಗಂಟೆಯೂ ಅಲ್ಲ.

ಎರಡು ಊರುಗಳು ಭೂಗೋಳದಲ್ಲಿ ಒಂದಕ್ಕೊಂದು ನೇರ ಎದುರು ಇವೆ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ರೇಖಾಂಶ ನೋಡಿದರೆ ಅದು ಹತ್ತಿರ ಹತ್ತಿರ ನಿಜ, ನಡುವೆ 160 ಡಿಗ್ರಿ ಇದೆ. ಆದರೆ ಎರಡೂ ಉತ್ತರಾರ್ಧದಲ್ಲೇ ಇರುವುದರಿಂದ ನಿಜವಾದ ಎದುರು ಬದಿ ಅಲ್ಲ. ಬೆಂಗಳೂರಿನ ಕಾಲ ಕೆಳಗೆ ನೇರ ಕೊರೆದರೆ ಪೆಸಿಫಿಕ್ ಸಾಗರದ ದಕ್ಷಿಣ ಭಾಗದಲ್ಲಿ ನೀರಿಗೆ ಬೀಳುತ್ತೇವೆ. ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ಕನಿಷ್ಠ ದೂರ ಇರಲಾರದು. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ನಮ್ಮ ಈ ದಾರಿ.

ಇಂಥ ಲೆಕ್ಕಕ್ಕೆ ಬೇಕಾದದ್ದು ಗೋಳದ ತ್ರಿಕೋನಮಿತಿ, ಅದರ ಬೇರಿನಲ್ಲಿ ನಮ್ಮ ಕಡೆಯ ಪಾಲೂ ಇದೆ. ಇಂದು ಲೋಕವೆಲ್ಲ ‘ಸೈನ್’ ಎನ್ನುವುದು ಆರ್ಯಭಟ ಮತ್ತವನ ನಂತರದವರು ಬಳಸಿದ ‘ಜ್ಯಾ’ ಎಂಬ ಪದ ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಅನುವಾದವಾಗುವಾಗ ಅರ್ಥ ತಪ್ಪಿ ಬಂದ ರೂಪ. ಇನ್ನೊಂದು ಪದ ‘ದೇಶಾಂತರ’. ಪಂಚಾಂಗ ಗುಣಿಸುವವರಿಗೆ ಅದು ಉಜ್ಜಯಿನಿಯ ಮಧ್ಯರೇಖೆಯಿಂದ ಒಂದು ಊರು ಎಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಇದೆ, ಅದಕ್ಕಾಗಿ ಹೊತ್ತನ್ನು ಎಷ್ಟು ಕೂಡಬೇಕು ಕಳೆಯಬೇಕು ಎಂಬ ಲೆಕ್ಕ. ಮನೆಮಾತಿನಲ್ಲಿ ‘ದೇಶಾಂತರ ಹೋದ’ ಎಂದರೆ ಊರು ಬಿಟ್ಟು ಕಾಣದ ನಾಡಿಗೆ ಹೋದ ಎಂದರ್ಥ. ದೂರವನ್ನೂ ಹೊತ್ತನ್ನೂ ಅಗಲಿಕೆಯನ್ನೂ ಒಂದೇ ಪದದಲ್ಲಿ ಹಿಡಿದ ಭಾಷೆ ನಮ್ಮದು.

ಆಕಾಶದಲ್ಲಿ ಹಿಡಿಯುವ ದಾರಿ

ದಾರ ತೋರಿಸಿದ ಗೆರೆಯ ಮೇಲೆಯೇ ವಿಮಾನ ಹಾರುವುದು ಅಪರೂಪ. ಮೊದಲ ಅಡ್ಡಿ ಟಿಬೆಟ್. ಅಲ್ಲಿನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ಸುಮಾರು 3,000 ಮೀಟರಿಗೆ ಇಳಿಯಬೇಕು. ಇಳಿಯಲು ಜಾಗವೇ ಇಲ್ಲದ ಕಡೆ ಗಂಟೆಗಟ್ಟಲೆ ಹಾರುವುದನ್ನು ಸಂಸ್ಥೆಗಳು ತಪ್ಪಿಸುತ್ತವೆ. ಎರಡನೆಯದು ದೇಶಗಳ ಗಡಿ. ರಷ್ಯಾ 2022ರಲ್ಲಿ ಯುರೋಪ್, ಅಮೆರಿಕದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. ಅಮೆರಿಕದ ಯುನೈಟೆಡ್ ಸಂಸ್ಥೆ ಇದೇ ಜೋಡಿಯ ನಡುವೆ 2021ರಲ್ಲಿ ನೇರ ಹಾರಾಟ ಆರಂಭಿಸುವುದಾಗಿ ಘೋಷಿಸಿ, ಮತ್ತೆ ಮತ್ತೆ ಮುಂದೂಡಿತು. ಕೊನೆಗೂ ಅದು ಆರಂಭವಾಗಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಗಾಳಿ. ವಿಮಾನಗಳು ಹಾರುವ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ, ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ಬೆನ್ನ ಹಿಂದೆ ಇಂಥ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವೇಗ 1,100. ಎದುರಾದರೆ 700. ಚುಂಚನಕಟ್ಟೆಯ ಮೇಲುಗಡೆ ಕಾವೇರಿಯಲ್ಲಿ ತೆಪ್ಪ ಹಾಕಿದವರಿಗೆ ಹೊಳೆಯ ಜೊತೆ ಹೋಗುವುದಕ್ಕೂ ಹೊಳೆಗೆ ಎದುರು ಹೋಗುವುದಕ್ಕೂ ಇರುವ ವ್ಯತ್ಯಾಸ ಹೇಳಬೇಕಿಲ್ಲ.

ದೂರಕ್ಕಿಂತ ಗಾಳಿ ಮುಖ್ಯ ಎಂಬುದನ್ನು ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟ ಎಲ್ಲರಿಗೂ ತಿಳಿಯುವಂತೆ ತೋರಿಸಿತು. 2015ರ ಡಿಸೆಂಬರಿನಲ್ಲಿ ಶುರುವಾದ ಈ ಹಾರಾಟ ಮೊದಲು ಅಟ್ಲಾಂಟಿಕ್ ಮೇಲೆ, ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ದಿಕ್ಕು ಬದಲಿಸಿ ಪೆಸಿಫಿಕ್ ಮೇಲೆ ಹಾರಿದಾಗ ದೂರ 15,000 ಕಿ.ಮೀ. ದಾಟಿತು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಬೇಗ. ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತು, ಆದರೆ ಹೊತ್ತು ಕಡಿಮೆ. ಹಾಗಾಗಿ ವಿಮಾನದ ದಾರಿಯನ್ನು ಕಾಯಂ ಎಂದುಕೊಳ್ಳುವಂತಿಲ್ಲ. ಹೊರಡುವ ಕೆಲವು ಗಂಟೆ ಮುಂಚೆ ಆ ದಿನದ ಗಾಳಿಯ ನಕ್ಷೆ ನೋಡಿ ಅದನ್ನು ಹೊಸದಾಗಿ ಗುಣಿಸುತ್ತಾರೆ.

ಇಲ್ಲೊಂದು ಪ್ರಶ್ನೆಯನ್ನು ಮಕ್ಕಳು ತಪ್ಪದೆ ಕೇಳುತ್ತಾರೆ: ಭೂಮಿ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ವಿಮಾನ ಮೇಲೇರಿ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರಬಾರದೇಕೆ? ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿ.ಮೀ. ಮೀರಿದ ವೇಗದಲ್ಲಿ ತಿರುಗುತ್ತಿರುವುದು ನಿಜ. ಆದರೆ ಅದರ ಜೊತೆಗೆ ಗಾಳಿಯ ಹೊದಿಕೆಯೂ, ಅದರಲ್ಲಿ ತೇಲುವ ವಿಮಾನವೂ ತಿರುಗುತ್ತಿರುತ್ತವೆ. ಓಡುವ ರೈಲಿನೊಳಗೆ ಮೇಲಕ್ಕೆ ಎಸೆದ ಕಿತ್ತಳೆ ಹಣ್ಣು ಎಸೆದವರ ಕೈಗೇ ಬೀಳುವುದಿಲ್ಲವೇ, ಹಾಗೆ. ಇನ್ನು, ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ಹೆಚ್ಚುವುದಿಲ್ಲವೇ ಎಂದರೆ, ಹೆಚ್ಚುತ್ತದೆ. ಇಡೀ ದಾರಿಗೆ ಇಪ್ಪತ್ತನಾಲ್ಕು ಕಿ.ಮೀ. ಮಾತ್ರ.

ಧ್ರುವದ ಬಳಿ ಹಾರುವುದಕ್ಕೆ ಬೇರೆಯೇ ಸಿದ್ಧತೆ ಬೇಕು. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ತಣ್ಣಗಾಗುತ್ತಾ ಹೋಗುತ್ತದೆ. ಜೆಟ್ ಎ-1 ಇಂಧನ ಹೆಪ್ಪುಗಟ್ಟುವ ಮಟ್ಟ ಸೊನ್ನೆಗಿಂತ 47 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದರ ಹತ್ತಿರ ಬಂದರೆ ಪೈಲಟ್ ಕೆಳಗಿಳಿದೋ ವೇಗ ಹೆಚ್ಚಿಸಿಯೋ ಬೆಚ್ಚಗೆ ಮಾಡಿಕೊಳ್ಳಬೇಕು. ಸೂರ್ಯನ ಬಿರುಗಾಳಿ ಎದ್ದ ದಿನ ರೇಡಿಯೊ ಸಂಪರ್ಕ ಕೈಕೊಡುತ್ತದೆ, ಆಗ ಧ್ರುವದ ದಾರಿ ಬಿಡುತ್ತಾರೆ. ಎರಡೇ ಎಂಜಿನಿನ ವಿಮಾನಗಳು ತುರ್ತಿಗೆ ಇಳಿಯಬಹುದಾದ ನಿಲ್ದಾಣದಿಂದ ಇಂತಿಷ್ಟು ನಿಮಿಷಕ್ಕಿಂತ ದೂರ ಹೋಗಬಾರದೆಂಬ ನಿಯಮ ಇದೆ. ಅದಕ್ಕಾಗಿ ದಾರಿಯುದ್ದಕ್ಕೂ ಹೆಸರು ಕೇಳದ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾರುತ್ತಾರೆ. ಅಂಥ ಒಂದು ಊರು ರಷ್ಯಾದ ಮಗದಾನ್. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನಿನ ತೊಂದರೆಯಿಂದ ಅಲ್ಲಿ ಇಳಿಯಿತು. 216 ಪ್ರಯಾಣಿಕರೂ 16 ಸಿಬ್ಬಂದಿಯೂ ಎರಡು ದಿನ ಆ ಊರಿನ ತಂಗುಮನೆಗಳಲ್ಲಿ ಕಳೆದು, ಜೂನ್ 8ರಂದು ಬಂದ ಇನ್ನೊಂದು ವಿಮಾನದಲ್ಲಿ ಮುಂದೆ ಹೋದರು.

ನೇರ ಹಾರಾಟ ಬಂದ ಬಗೆ

ಸ್ವತಂತ್ರ ಭಾರತದ ಮೊದಲ ದೂರದ ಹಾರಾಟ, 1948ರ ಜೂನ್ 8ರ ಮುಂಬಯಿ–ಲಂಡನ್ ಪಯಣ, ಕೈರೊ ಮತ್ತು ಜಿನೀವಾದಲ್ಲಿ ಇಳಿದೇ ಹೋಗಿತ್ತು. ಏರ್ ಇಂಡಿಯಾ ನ್ಯೂಯಾರ್ಕ್ ಮುಟ್ಟಿದ್ದು 1960ರಲ್ಲಿ, ಬೋಯಿಂಗ್ 707 ಬಂದ ಮೇಲೆ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕ ನೋಡಿ ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಕಣ್ಣಿನಿಂದ ಆ ನಾಡನ್ನು ಕಂಡ ಕನ್ನಡಿಗರಲ್ಲಿ ಅವರು ಮೊದಲಿಗರ ಸಾಲಿನವರು. ಆಗ ಬೆಂಗಳೂರಿನಿಂದ ಅಮೆರಿಕಕ್ಕೆ ನೇರ ವಿಮಾನದ ಮಾತೇ ಇರಲಿಲ್ಲ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಮಾತ್ರ 1973ರಲ್ಲೇ ಹುಟ್ಟಿತ್ತು. ಅಂದರೆ ದಾರಿ ನೆಟ್ಟಗಾಗುವುದಕ್ಕೆ ಸುಮಾರು ಅರ್ಧ ಶತಮಾನ ಮುಂಚೆಯೇ ಜನ ಅಲ್ಲಿ ಸೇರಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಎರಡು ಊರುಗಳ ನಡುವಿನ ಹೋಗಿಬರುವಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚಿತು.

ದೇವನಹಳ್ಳಿಯಲ್ಲಿರುವ ಬೆಂಗಳೂರಿನ ಈ ನಿಲ್ದಾಣ 2008ರ ಮೇ 24ರಂದು ತೆರೆಯಿತು. ಅದರ ಎರಡು ರನ್‌ವೇಗಳೂ ತಲಾ 4,000 ಮೀಟರ್ ಉದ್ದ. ಈ ಉದ್ದ ದೊಡ್ಡಸ್ತಿಕೆಗೆ ಮಾಡಿದ್ದಲ್ಲ. ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು. ತೆಳುಗಾಳಿಯಲ್ಲಿ ರೆಕ್ಕೆ ಎತ್ತುವ ಭಾರ ಕಡಿಮೆ, ಎಂಜಿನ್ ತಳ್ಳುವ ಬಲವೂ ಕಡಿಮೆ. ಹಾಗಾಗಿ ಹೆಚ್ಚು ದೂರ ಓಡಿಯೇ ಮೇಲೇಳಬೇಕು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕಡಲ ಮಟ್ಟದಲ್ಲೇ ಇದೆ, ಅಲ್ಲಿಂದ ಹೊರಡುವಾಗ ಈ ಕಷ್ಟವಿಲ್ಲ.

ಕಷ್ಟದ ಮೂಲ ಇಂಧನದ ಭಾರ. ಈ ದಾರಿಯಲ್ಲಿ ಬಳಸಿದ ಬೋಯಿಂಗ್ 777-200 ಎಲ್‌ಆರ್ ವಿಮಾನಕ್ಕೆ 1,81,000 ಲೀಟರ್ ಇಂಧನ ಹಿಡಿಯುತ್ತದೆ, ತೂಕದಲ್ಲಿ ಸುಮಾರು 145 ಟನ್. ಪೂರ್ತಿ ತುಂಬಿದ ವಿಮಾನದ ಗರಿಷ್ಠ ತೂಕ 347 ಟನ್. ಅಂದರೆ ನೂರಕ್ಕೆ ನಲವತ್ತು ಪಾಲು ಇಂಧನವೇ. ದೂರದ ಸಂತೆಗೆ ಹೊರಟ ಗಾಡಿ ಎತ್ತಿನ ಹುಲ್ಲನ್ನೂ ತಾನೇ ಹೊತ್ತು ಹೋಗಬೇಕು. ಹುಲ್ಲು ಹೆಚ್ಚಿದಷ್ಟೂ ಗಾಡಿಯ ಭಾರ ಹೆಚ್ಚು, ಭಾರ ಹೆಚ್ಚಿದಷ್ಟೂ ಎತ್ತಿಗೆ ಇನ್ನಷ್ಟು ಹುಲ್ಲು. ಅತಿ ದೂರದ ವಿಮಾನದ ಲೆಕ್ಕವೂ ಇದೇ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದಲ್ಲಿ ದೊಡ್ಡ ಪಾಲು ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಹೋಗುತ್ತದೆ. ದುಬೈಯಲ್ಲೋ ಲಂಡನ್ನಿನಲ್ಲೋ ಇಳಿದು ಹೋಗುವ ಟಿಕೆಟ್ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಕೂಡಿಬಂದು ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಎಐ 176, ಕ್ಯಾಪ್ಟನ್ ಜೋಯಾ ಅಗರ್ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳಾ ಪೈಲಟ್‌ಗಳ ಕೈಯಲ್ಲಿ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲಿನ ದಾರಿ ಹಿಡಿದು, ಸುಮಾರು 16,000 ಕಿ.ಮೀ. ಕ್ರಮಿಸಿ ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಅದೇ ಸಂಸ್ಥೆ 2019ರ ಆಗಸ್ಟ್ 15ರಂದು ದೆಹಲಿಯಿಂದ ಧ್ರುವದ ದಾರಿಯಲ್ಲಿ ಹಾರಿ ಅಭ್ಯಾಸ ಮಾಡಿಕೊಂಡಿತ್ತು. ಹದಿನೇಳು ಗಂಟೆಯ ಹಾರಾಟದಲ್ಲಿ ಒಬ್ಬರೇ ಉದ್ದಕ್ಕೂ ಕೂರುವಂತಿಲ್ಲ, ಅದಕ್ಕೇ ನಾಲ್ವರು. ಇಬ್ಬರು ನಡೆಸುವಾಗ ಇಬ್ಬರು ಮಲಗುತ್ತಾರೆ. ಜನವರಿಯಲ್ಲಿ ಧ್ರುವಕ್ಕೆ ಸೂರ್ಯನೇ ಮೂಡುವುದಿಲ್ಲ, ಕಿಟಕಿಯ ಆಚೆ ಗಂಟೆಗಟ್ಟಲೆ ಕತ್ತಲು. ಅಷ್ಟು ದೊಡ್ಡ ಯಂತ್ರವನ್ನು ಆ ಕತ್ತಲ ಮೇಲಿಂದ ನಮ್ಮ ದೇವನಹಳ್ಳಿಗೆ ತಂದಿಳಿಸಿದ ನಾಲ್ವರು ಹೆಣ್ಣುಮಕ್ಕಳ ಹೆಸರು ಶಾಲೆಯ ಪಾಠದಲ್ಲಿ ಇರಬೇಕಾದದ್ದು. ನಡುವೆ ನಿಂತಿದ್ದ ಈ ಹಾರಾಟ 2022ರ ಡಿಸೆಂಬರ್ 2ರಂದು ಮತ್ತೆ ಶುರುವಾಯಿತು. ಇಂಧನದ ಬೆಲೆ, ವಿಮಾನಗಳ ಲಭ್ಯತೆ, ಯಾವ ದೇಶದ ಆಕಾಶ ತೆರೆದಿದೆ ಎಂಬುದರ ಮೇಲೆ ಇಂಥ ಹಾರಾಟಗಳು ವೇಳಾಪಟ್ಟಿಗೆ ಬಂದು ಹೋಗಿ ಮಾಡುತ್ತವೆ. ಹೊರಡುವವರು ಆಯಾ ವರ್ಷದ ಪಟ್ಟಿಯನ್ನೇ ನೋಡಬೇಕು.

ಹೋಲಿಕೆಗೆ ಹೇಳುವುದಾದರೆ, ವೇಳಾಪಟ್ಟಿಯಲ್ಲಿ ದೀರ್ಘವೆನಿಸಿದ ನೇರ ಹಾರಾಟ ಸಿಂಗಪುರ–ನ್ಯೂಯಾರ್ಕ್, 15,300 ಕಿ.ಮೀ. ಮೀರಿದ ದೂರ, ಹದಿನೆಂಟು ಗಂಟೆಗೂ ಹೆಚ್ಚು.

ನಡುವೆ ಇಳಿದು ಹೋಗುವ ದಾರಿಗಳ ಕನಿಷ್ಠ ದೂರ ಹೀಗಿದೆ. ದುಬೈ ಮೂಲಕ 2,700 ಮತ್ತು 13,040, ಕೂಡಿದರೆ 15,740 ಕಿ.ಮೀ. ಲಂಡನ್ ಮೂಲಕ 8,050 ಮತ್ತು 8,620, ಒಟ್ಟು 16,670. ಸಿಂಗಪುರದ ಮೂಲಕ 3,180 ಮತ್ತು 13,590, ಒಟ್ಟು 16,770. ದೂರ ನೋಡಿದರೆ ದುಬೈ ಹತ್ತಿರ. ಆದರೆ ವಯಸ್ಸಾದವರಿಗೆ ಲಂಡನ್ ದಾರಿ ಹಿತ, ಏಕೆಂದರೆ ಪಯಣ ಸರಿಯಾಗಿ ನಡುವೆ ಮುರಿಯುತ್ತದೆ. ಹತ್ತು ಗಂಟೆ ಕೂತ ಮೇಲೆ ಎದ್ದು ನಡೆಯಲು ಸಿಗುತ್ತದೆ. ಮಂಡಿ ನೋವಿನವರು, ಕಾಲು ಬಾವು ಬರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಷ್ಟೋ ಗಂಟೆ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ. ಗಂಟೆಗೊಮ್ಮೆ ಎದ್ದು ನಡುದಾರಿಯಲ್ಲಿ ಓಡಾಡುವುದು, ನೀರು ಕುಡಿಯುವುದು ನೇರ ವಿಮಾನದಲ್ಲಿ ಇನ್ನೂ ಮುಖ್ಯ. ಭಾಷೆ ಬಾರದವರಿಗೆ ಮಾತ್ರ ನೇರ ವಿಮಾನವೇ ಮೇಲು. ಇಲ್ಲಿ ಹತ್ತಿದರೆ ಅಲ್ಲೇ ಇಳಿಯುವುದು, ನಡುವೆ ಗೇಟು ಹುಡುಕುವ ಗಾಬರಿ ಇಲ್ಲ.

ಗಡಿಯಾರ

ಭಾರತದ ಹೊತ್ತು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಸ್ಯಾನ್ ಫ್ರಾನ್ಸಿಸ್ಕೊ ಎಂಟು ಗಂಟೆ ಹಿಂದೆ. ಮಾರ್ಚಿನ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಮನೆಗಳಲ್ಲಿ ಇದಕ್ಕೊಂದು ಸುಲಭ ಲೆಕ್ಕ ಇದೆ. ಗೋಡೆ ಗಡಿಯಾರ ನೋಡಿ ಒಂದೂವರೆ ಗಂಟೆ ಕಳೆ, ಹಗಲಿದ್ದರೆ ರಾತ್ರಿ ಅನ್ನು. ಬೇಸಿಗೆಯಲ್ಲಿ ಅರ್ಧ ಗಂಟೆ ಕಳೆದರೆ ಸಾಕು. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಹಾಲು ಕಾಯಿಸುವಾಗ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ‘ಅಲ್ಲಿ ಈಗ ಎಷ್ಟು ಗಂಟೆ ಮಗಾ, ಊಟ ಆಯ್ತಾ?’ ಎಂದು ತಾಯಿ ಫೋನಿನಲ್ಲಿ ಕೇಳುವ ಮೊದಲ ಮಾತಿನಲ್ಲೇ ಈ ಲೆಕ್ಕ ಇರುತ್ತದೆ. ಹಬ್ಬಗಳಿಗೂ ಇದು ತಾಗುತ್ತದೆ. ತಿಥಿ ಎಂಬುದು ಚಂದ್ರ ಸೂರ್ಯರ ನಡುವಿನ ಅಂತರ, ಅದು ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಆದರೆ ದಿನದ ತಿಥಿ ಗೊತ್ತಾಗುವುದು ಆಯಾ ಊರಿನ ಸೂರ್ಯೋದಯದಿಂದ. ಹಾಗಾಗಿ ಮಿರ್ಲೆಯ ಏಕಾದಶಿ ಕ್ಯಾಲಿಫೋರ್ನಿಯಾದಲ್ಲಿ ಬೇರೆ ದಿನ ಬೀಳುವುದುಂಟು.

ಪಯಣಕ್ಕೆ ಈ ಲೆಕ್ಕ ಹಾಕಿ ನೋಡೋಣ. ಚಳಿಗಾಲದ ಒಂದು ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ ಆರು. ಅಲ್ಲಿನದರಲ್ಲಿ ಹೊರಟ ದಿನವೇ ಸಂಜೆ ನಾಲ್ಕೂವರೆ. ಇಡೀ ಲೋಕ ದಾಟಿದರೂ ಗಡಿಯಾರದಲ್ಲಿ ಎರಡೂವರೆ ಗಂಟೆ ಮಾತ್ರ ಸರಿದಿರುತ್ತದೆ. ಮರಳುವಾಗ ಇದರ ಬಾಕಿ ತೀರಬೇಕು. 2021ರ ಆ ಮೊದಲ ವಿಮಾನ ಶನಿವಾರ ರಾತ್ರಿ ಹೊರಟು ಸೋಮವಾರ ನಸುಕಿಗೆ ಇಳಿಯಿತು, ಅದರಲ್ಲಿದ್ದವರಿಗೆ ಭಾನುವಾರ ಎಲ್ಲ ಆಕಾಶದಲ್ಲೇ ಕಳೆಯಿತು. ಗಡಿಯಾರವನ್ನು ಒಂದು ಗಳಿಗೆಯಲ್ಲಿ ತಿರುಗಿಸಬಹುದು, ದೇಹವನ್ನು ತಿರುಗಿಸಲಾಗದು. ನಿದ್ದೆ ಹಸಿವುಗಳು ಹೊಸ ಹೊತ್ತಿಗೆ ಹೊಂದಿಕೊಳ್ಳಲು ವಾರವೋ ಹತ್ತು ದಿನವೋ ಹಿಡಿಯುತ್ತದೆ. ಅಲ್ಲಿಗೆ ಹೋದ ಹೊಸದರಲ್ಲಿ ನಡುರಾತ್ರಿ ಎದ್ದು ಕೂರುವ ಅಜ್ಜಿಗೆ ಕಾಯಿಲೆ ಏನಿಲ್ಲ, ಅವರ ಮೈಯಲ್ಲಿ ಆಗಿನ್ನೂ ಮಿರ್ಲೆಯ ಮಧ್ಯಾಹ್ನ.

ಮಿರ್ಲೆಯಿಂದ ದೇವನಹಳ್ಳಿಗೆ

ವಿಮಾನದ ವೇಳಾಪಟ್ಟಿ ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ ಲೆಕ್ಕ ಹಾಕುತ್ತದೆ, ಅದೂ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ. ಪಯಣ ಶುರುವಾಗುವುದು ಮನೆಯ ಹೊಸಿಲಲ್ಲಿ. ಮಿರ್ಲೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 170 ಕಿ.ಮೀ. ಕೆ.ಆರ್. ನಗರ, ಮೈಸೂರು, ಬೆಂಗಳೂರು ಹಾದು ಹೋಗುವ ರಸ್ತೆಯಲ್ಲಿ ಸುಮಾರು 230. ಅಂದರೆ ನೆಲದ ದಾರಿಯಲ್ಲಿ ಮೂರನೇ ಒಂದು ಪಾಲಿನಷ್ಟು ಸುತ್ತು. 2021ರ ವಿಮಾನ ಧ್ರುವ ಬಳಸಿ ಬಂದರೂ ಅದರ ಸುತ್ತು ಏಳರಲ್ಲೊಂದು ಪಾಲು ಮಾತ್ರ.

ಹತ್ತಿರದ ವಿಮಾನ ನಿಲ್ದಾಣ ಮೈಸೂರಿನ ಮಂಡಕಳ್ಳಿ. ಹೊಸ ಟರ್ಮಿನಲ್ 2010ರಲ್ಲಿ ತೆರೆಯಿತು. ಆದರೆ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನಗಳಿಗೆ ಅದು ಸಾಕು, ಸಮುದ್ರ ದಾಟುವ ದೊಡ್ಡ ವಿಮಾನಕ್ಕೆ ಅರ್ಧವೂ ಅಲ್ಲ. ಅದನ್ನು ಉದ್ದ ಮಾಡುವ ಯೋಜನೆ ವರ್ಷಗಳಿಂದ ಮಾತಿನಲ್ಲಿದೆ. ಅದು ಕೈಗೂಡಿ ಮೈಸೂರಿನಿಂದಲೇ ಜೆಟ್ ವಿಮಾನ ಹಿಡಿದು ಮುಂದಿನ ದೊಡ್ಡ ನಿಲ್ದಾಣ ಸೇರುವಂತಾದರೆ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆಯವರಿಗೆ ಅರ್ಧ ದಿನ ಉಳಿಯುತ್ತದೆ. ಸದ್ಯಕ್ಕೆ ಎಲ್ಲರ ಕಾಲು ದೇವನಹಳ್ಳಿಯ ಕಡೆಗೇ. ಮೈಸೂರು ಬಸ್ ನಿಲ್ದಾಣದಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ನಡುವಿನ ಪಟ್ಟಣಗಳ ಇಕ್ಕಟ್ಟನ್ನು ತಪ್ಪಿಸಿದೆ. ಆದರೂ ಬೆಂಗಳೂರಿನೊಳಗಿನ ದಟ್ಟಣೆ ಯಾವಾಗ ಎಷ್ಟು ಹೊತ್ತು ನುಂಗುತ್ತದೆ ಎಂದು ಹೇಳಲು ಬಾರದೆ ಜನ ಒಂದೆರಡು ಗಂಟೆ ಮುಂಚೆಯೇ ಹೊರಡುತ್ತಾರೆ.

ಹೊರಡುವ ಹಿಂದಿನ ರಾತ್ರಿ ಇಂಥ ಮನೆಗಳಲ್ಲಿ ತೂಕದ್ದೇ ಚಿಂತೆ. ಅಮೆರಿಕಕ್ಕೆ ಸಾಮಾನ್ಯವಾಗಿ ತಲಾ 23 ಕಿಲೋದ ಎರಡು ಸೂಟ್‌ಕೇಸಿಗೆ ಅವಕಾಶ. ಚಟ್ನಿಪುಡಿ, ಸಾರಿನ ಪುಡಿ, ಹುರುಳಿಕಾಳು, ಹಪ್ಪಳ, ಮೊಮ್ಮಗುವಿಗೆ ಕುಲಾವಿ. ಕೈತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿದಾಗ 24 ತೋರಿಸಿದರೆ ಮುಚ್ಚಳ ತೆಗೆದು ಮತ್ತೆ ಹುಡುಕಬೇಕು. ತೆಗೆಯುವಾಗ ಹಪ್ಪಳದ ಕಟ್ಟಿಗೆ ಕೈ ಹೋಗುವುದಿಲ್ಲ, ತಾಯಿಯ ಒಂದು ಸೀರೆ ಹೊರಗೆ ಬರುತ್ತದೆ.

ಎಲ್ಲ ಕೂಡಿಸಿದರೆ ಹೀಗಾಗುತ್ತದೆ. ಮಿರ್ಲೆಯಿಂದ ದೇವನಹಳ್ಳಿಗೆ ಐದಾರು ಗಂಟೆ. ಚೆಕ್‌ಇನ್, ಇಮಿಗ್ರೇಷನ್, ತಪಾಸಣೆ, ಕಾಯುವುದು ಮೂರರಿಂದ ನಾಲ್ಕು ಗಂಟೆ. ನೇರ ವಿಮಾನದಲ್ಲಿ ಹದಿನಾರು ಹದಿನೇಳು. ಅಲ್ಲಿ ಇಳಿದು ಹೊರಗೆ ಬರಲು ಒಂದೆರಡು. ಒಟ್ಟು ಇಪ್ಪತ್ತೇಳು ಗಂಟೆಯ ಆಸುಪಾಸು. ದೂರದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲದ ನಮ್ಮ ರಸ್ತೆ ಹೊತ್ತಿನಲ್ಲಿ ಐದನೇ ಒಂದು ಪಾಲು ತೆಗೆದುಕೊಳ್ಳುತ್ತದೆ.

ಮರಳಿ ಬರುವ ವಿಮಾನ ನಸುಕಿನಲ್ಲಿ ಇಳಿದರೆ ಬೆಳಗಿನ ಫ್ಲೈಬಸ್ ಸಿಗುತ್ತದೆ. ಮೈಸೂರಿನಲ್ಲಿ ಇಳಿದು ಕೆ.ಆರ್. ನಗರದ ಬಸ್ಸೋ, ಹಾಸನದ ಕಡೆಯ ರೈಲೋ ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರು. ಫೋನು ದೇವನಹಳ್ಳಿಯಲ್ಲೇ ತಾನಾಗಿ ಭಾರತದ ಹೊತ್ತು ತೋರಿಸಿರುತ್ತದೆ. ಆರು ತಿಂಗಳು ಮಗಳ ಮನೆಯಲ್ಲಿದ್ದು ಬಂದ ತಾಯಿಯ ಕೈಗಡಿಯಾರ ಮಾತ್ರ ಕ್ಯಾಲಿಫೋರ್ನಿಯಾದಲ್ಲೇ ಇರುತ್ತದೆ. ಅಲ್ಲಿ ಈಗ ಮಗು ಮಲಗುವ ಹೊತ್ತು ಎಂದು ನೋಡಿಕೊಳ್ಳಲು ಅವರು ಅದನ್ನು ಇನ್ನೂ ಕೆಲವು ದಿನ ಹಾಗೆಯೇ ಬಿಟ್ಟಿರುತ್ತಾರೆ.